ಸಂಖ್ಯೆ ಐವತ್ತೇಳು

ಸಡ್‌ಬರಿಯ ಕರ್ಲಿಂಗ್ ಕ್ಲಬ್ಬಿನ ಹಿಂದಿನ ಹಾಲಿನಲ್ಲಿ
ತಿಂಗಳ ಮೊದಲ ಶನಿವಾರ ನನ್ನದೊಂದು ಮೇಜು.
ಕಾಸಿಗೊಂದು ಕೊಸರಿಗೆರಡು ಅನ್ನುವಂಥವು ಶೂ ಡಬ್ಬದಲ್ಲಿ,
ಬೆಲೆಯುಳ್ಳವು ಗಾಜಿನಡಿ, ಬೀಗದಲ್ಲಿ.
ಬಂದವರು ಮೊದಲು ಮೂಲೆ ನೋಡುತ್ತಾರೆ,
ಸಂತೆಯಲ್ಲಿ ಕುದುರೆಯ ಹಲ್ಲು ಹಿಡಿದು ನೋಡುವವರ ಹಾಗೆ:
ಮಡಿಸಿದೆಯೇ, ಅಂಚು ಬಿಳಿಚಿದೆಯೇ,
ಬಬಲ್‌ಗಮ್ಮಿನ ಕಲೆ ಹಿಂಬದಿಗೆ ಅಂಟಿದೆಯೇ.
ಮುಖ ನೋಡುವವರು ಕಡಿಮೆ.

ಹಿಲ್ಕಾ ರೌತಿಯೊ ಮುಖ ನೋಡುತ್ತಾಳೆ.
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ,
ಮಂಜು ಕವಿದ ಕನ್ನಡಕ ಒರೆಸಿ, ನೇರ ನನ್ನಲ್ಲಿಗೆ.
"ಒರೆಸ್ತ್, ಐವತ್ತೇಳು ಬಂತೇ?"
ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ.
ಬೇರೇನನ್ನೂ ಕೊಂಡವಳಲ್ಲ.

ಐವತ್ತೇಳು ಅಂದರೆ ಲಿಯೊನಾರ್ ಪ್ರಿಮೋ, ಗೋಲ್‌ಕೀಪರ್.
ಒಂದೇ ಚಳಿಗಾಲ ಆಡಿ ಎಲ್ಲೋ ಹೋದವನು.
ಹಳದಿ ಹಿನ್ನೆಲೆ, ಕೆಂಪು ಜರ್ಸಿ,
ಮುಂದಿನ ಹಲ್ಲೊಂದಿಲ್ಲ, ಆದರೂ ಬಾಯಿ ಮುಚ್ಚದ ನಗು.
ನಲವತ್ತು ಸೆಂಟಿನ ಕಾರ್ಡು. ನಾಚಿಕೆಯಾಗಿ
ಎಷ್ಟೋ ಸಲ ದುಡ್ಡೇ ಬೇಡವೆಂದಿದ್ದೇನೆ;
ಅವಳು ನಾಣ್ಯ ಎಣಿಸಿಟ್ಟೇ ಹೋಗುತ್ತಾಳೆ.

ಒಮ್ಮೆ ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಹೇಳಿದೆ:
"ಇದು ತಪ್ಪು ಅಚ್ಚಮ್ಮಾ, ಫೋಟೋ ಬೇರೆಯವನದು.
ಕಂಪನಿಗೆ ಗೊತ್ತಾಗಿ ಆಮೇಲೆ ತಿದ್ದಿದರು.
ನೋಡು, ಸರಿಯಾದ ಪ್ರಿಮೋ ಇಲ್ಲಿದ್ದಾನೆ."
ತಿದ್ದಿದ ಕಾರ್ಡು ಅವಳ ಮುಂದಿಟ್ಟೆ:
ಕಪ್ಪು ಕೂದಲು, ಗಂಟು ಮೋರೆ, ಪೂರ್ತಿ ಹಲ್ಲು.

ಅವಳು ಮುಟ್ಟಲಿಲ್ಲ.
"ತಪ್ಪಿನಲ್ಲಿರುವವನು ನಮ್ಮ ಉರ್ಹೊ," ಅಂದಳು.
"ನನ್ನಣ್ಣ. ಹತ್ತು ದಿನ ತಂಡದ ಜೊತೆಗಿದ್ದ,
ಯಾರದೋ ಮೊಣಕಾಲು ವಾಸಿಯಾಗುವ ತನಕ.
ಫೋಟೋದವನು ಬಂದದ್ದು ಆ ಹತ್ತರಲ್ಲೊಂದು ದಿನ."

ಮೂವತ್ತೊಂದು ವರ್ಷ ನಿಕಲ್ ಗಣಿಗಿಳಿದು ಹತ್ತಿದ ಉರ್ಹೊ.
ಹಣೆಯ ದೀಪ ಆರಿಸಿ, ಸೌನಾದಲ್ಲಿ ಬೆವತು,
ಊಟಕ್ಕೆ ಕೂತಾಗ ಯಾವ ಹುಡುಗನಾದರೂ
ಈ ಕಾರ್ಡು ತಂದು ಕಣ್ಣರಳಿಸಿದರೆ
ಬ್ರೆಡ್ಡು ಮುರಿಯುತ್ತ ಹೇಳುತ್ತಿದ್ದನಂತೆ:
"ಹೆಸರು ಓದಲು ಬರುವುದಿಲ್ಲವೇನೋ? ಅದು ಪ್ರಿಮೋ."

ತಿದ್ದಿದ್ದರಲ್ಲಿ ಅವನಿಲ್ಲ.
ತಪ್ಪು ಉಳಿದಷ್ಟು ದಿನ ಅವನೂ ಉಂಟು.

ಜನ ಕೇಳುತ್ತಾರೆ: ಹಳೇ ರಟ್ಟಿನ ಚೂರಿಗೆ ಯಾಕಿಷ್ಟು ಹುಚ್ಚು?
ನನಗೂ ಗೊತ್ತಿಲ್ಲ. ಏಳರ ವಯಸ್ಸಿನಲ್ಲಿ
ಐದು ಸೆಂಟಿನ ಪೊಟ್ಟಣ ಹಲ್ಲಿನಿಂದ ಹರಿದಾಗ
ಒಳಗೆ ಯಾರೆಂದು ತಿಳಿಯದ ಆ ಒಂದು ಉಸಿರು,
ಸಕ್ಕರೆ ಪುಡಿಯ ಗುಲಾಬಿ ವಾಸನೆ.
ಅದನ್ನೇ ಇನ್ನೂ ಹಿಡಿದಿದ್ದೇನೋ ಏನೋ.
ಎಲ್ಲ ನೂರ ಮೂವತ್ತೆರಡು ಸಿಕ್ಕ ರಾತ್ರಿ
ಖುಷಿಯಾಗಲಿಲ್ಲ, ಹಸಿವು ಸತ್ತಂತಾಗಿತ್ತು.
ಮರುದಿನವೇ ಎರಡು ಮಾರಿಬಿಟ್ಟೆ.

ಮೊನ್ನೆ ಮಾರ್ಚಿನಲ್ಲಿ ಅಪರೂಪಕ್ಕೊಂದು ಬಂತು, ಮೂಲೆ ಸೂಜಿಯಂತೆ,
ಹಿಂಬದಿಯ ಒಗಟು ಇನ್ನೂ ಉಜ್ಜದೆ ಹಾಗೇ.
ನಾಣ್ಯ ಉಜ್ಜಿದರೆ ಉತ್ತರ ಮೂಡುವ ಚೌಕ;
ಉಜ್ಜದ್ದಕ್ಕೇ ನಮ್ಮಲ್ಲಿ ಬೆಲೆ.
ನಾನು ತುಟಿ ತೆರೆಯುವ ಮೊದಲೇ ಹಿಲ್ಕಾ
ಕೈಚೀಲದಿಂದ ನಾಣ್ಯ ತೆಗೆದು ಬಗ್ಗಿದಳು.
ಕರಕರ ಸದ್ದಿಗೆ ಪಕ್ಕದ ಮೇಜಿನವನು
ಎದೆ ಹಿಡಿದುಕೊಂಡ.

ಪ್ರಶ್ನೆ: ಐಸ್ ಮೇಲೆ ಒಂದು ತಂಡದವರು ಎಷ್ಟು ಮಂದಿ?
"ಆರು," ಓದಿದಳು, ಜೋರಾಗಿ ನಕ್ಕಳು.
"ಇಷ್ಟಕ್ಕೆ ಅರವತ್ತು ವರ್ಷ ಮುಚ್ಚಿಟ್ಟಿದ್ದರೇ!"
ನಗುವಾಗ ಕಂಡೆ, ಅವಳಿಗೂ ಅಲ್ಲೇ,
ಮುಂದಿನ ಸಾಲಿನಲ್ಲಿ, ಅದೇ ಒಂದು ಸಂದು.

ಹೋದ ಮೇಲೆ ಮೇಜಿನ ಮೇಲೆ ಬೂದು ಪುಡಿ ಉಳಿದಿತ್ತು.
ಒಬ್ಬ ಹುಡುಗ ಬಂದು ಏನೋ ಕೇಳಿದ.
ಡಬ್ಬ ಸರಿಸಿದೆ, ಪುಡಿಗೆ ತಾಗದಂತೆ.